ಮನೆ ಮೊದಲಾ, ಶಾಲೆ ಮೊದಲಾ?

ಬೆಳಿಗ್ಗೆ ಎಂಟೂವರೆ. ಮಾರ್ಚ್ ತಿಂಗಳಾದರೂ ಕೈ ಜೇಬಿನಿಂದ ಹೊರಗೆ ತೆಗೆಯುವ ಹಾಗಿಲ್ಲ. ಇಂಗ್ಲೆಂಡಿನ ರೆಡಿಂಗ್ ಊರಿಗೆ ಅಂಟಿಕೊಂಡಿರುವ ಲೋವರ್ ಅರ್ಲಿಯಲ್ಲಿ, ಒಂದು ಪ್ರೈಮರಿ ಶಾಲೆಯ ಎದುರು ನಿಂತಿದ್ದೇವೆ. ಮಿರುಗುವ ಹಳದಿ ಕೋಟು ತೊಟ್ಟ ಹೆಂಗಸೊಬ್ಬರು ಉದ್ದ ಕೋಲಿನ ದುಂಡು ಫಲಕ ಹಿಡಿದು ರಸ್ತೆಯ ನಡುವೆ ಬಂದು ನಿಲ್ಲುತ್ತಾರೆ. ಎರಡೂ ಕಡೆ ಕಾರುಗಳು ನಿಲ್ಲುತ್ತವೆ. ಸ್ಕೂಟರ್ ತಳ್ಳಿಕೊಂಡು, ಅಪ್ಪಂದಿರ ಕೈ ಜಗ್ಗಿಕೊಂಡು ಮಕ್ಕಳು ದಾಟುತ್ತಾರೆ.

“ಚಿಕ್ಕಮ್ಮಾ, ಇದೇ ಸಾಕು. ಮನೆ ಎದುರಿಗೇ ಶಾಲೆ. ಇನ್ನೇನು ನೋಡೋದಿದೆ?” ಅನ್ನುತ್ತಾಳೆ ಅಕ್ಕನ ಮಗಳು. ಬೆಂಗಳೂರಿನ ರಾಜಾಜಿನಗರದ ಮನೆ ಖಾಲಿ ಮಾಡಿ ಬಂದಿದ್ದಾಳೆ. ಗಂಡನಿಗೆ ಇಲ್ಲಿ ಕೆಲಸ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಉಳಿದುಕೊಂಡಿರುವುದು ನಮ್ಮ ಮನೆಯಲ್ಲಿ.

ಏಜೆಂಟ್ ಬಂದು ಬಾಗಿಲು ತೆಗೆಯುತ್ತಾನೆ. ಮೂರು ಬೆಡ್‌ರೂಮು, ಹಿಂದೆ ಹುಲ್ಲಿನ ಅಂಗಳ, ಹೊಸ ಬಣ್ಣದ ವಾಸನೆ. ಡಿಪಾಸಿಟ್ ಐದು ವಾರದ ಬಾಡಿಗೆ. ಇಷ್ಟು ಬಾಡಿಗೆಯ ಮನೆಗೆ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು 2019ರ ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ಇದು ಕೇಳಿದರೇ ಖುಷಿ. ನಾನು ಮಕ್ಕಳ ಕೋಣೆಯ ಬೀರುವನ್ನು ಸ್ವಲ್ಪ ಸರಿಸುತ್ತೇನೆ. ಹಿಂದಿನ ಗೋಡೆಯ ಮೂಲೆಯಲ್ಲಿ, ನೆಲದಿಂದ ಗೇಣೆತ್ತರದವರೆಗೆ, ಕಪ್ಪು ಚುಕ್ಕಿಗಳು. ಬೂಸ್ಟು. ಹೊಸ ಬಣ್ಣದ ಮೇಲೆಯೇ ಎದ್ದಿದೆ. ಬೆರಳಿಟ್ಟರೆ ತಣ್ಣಗೆ, ಒದ್ದೆ. ಈ ದೇಶದಲ್ಲಿ ಮನೆ ನೋಡುವವರು ಮೊದಲು ನೋಡಬೇಕಾದದ್ದು ಬೀರುವಿನ ಹಿಂಭಾಗವನ್ನು.

“ಅದನ್ನ ಕ್ಲೀನ್ ಮಾಡಿಸಿಕೊಳ್ಳೋಣ ಬಿಡಿ” ಅನ್ನುತ್ತಾಳೆ. ಅವಳ ಮನಸ್ಸಾಗಲೇ ರಸ್ತೆ ದಾಟಿ ಶಾಲೆಯೊಳಗೆ ಹೋಗಿದೆ.

“ಸಹಿ ಹಾಕೋಕೆ ಮುಂಚೆ ಕೌನ್ಸಿಲ್‌ಗೆ ಒಂದು ಫೋನ್ ಮಾಡು ಮಗಳೇ.”

ಯಾವ ಕೌನ್ಸಿಲ್? ಮೊದಲ ತೊಡಕು ಇಲ್ಲೇ. ಅಂಚೆ ವಿಳಾಸದಲ್ಲಿ ರೆಡಿಂಗ್ ಎಂದಿದ್ದರೂ ಲೋವರ್ ಅರ್ಲಿ ಸೇರಿರುವುದು ವೋಕಿಂಗಮ್ ಬರೋ ಕೌನ್ಸಿಲ್‌ಗೆ. ತೆರಿಗೆ ಕಟ್ಟುವುದು ಅಲ್ಲಿಗೆ, ಮಗನ ರಿಸೆಪ್ಷನ್ ತರಗತಿಗೆ (ಪ್ರೈಮರಿಯ ಆರಂಭದ ತರಗತಿ) ಅರ್ಜಿ ಹಾಕುವುದೂ ಅಲ್ಲಿಗೆ.

ಅಂಗಳದಲ್ಲಿ ನಿಂತು ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ. ಆ ಕಡೆಯ ದನಿ ಸೌಜನ್ಯದಿಂದ ಮಗಳ ಹುಟ್ಟಿದ ದಿನ ಕೇಳುತ್ತದೆ. ಇಲ್ಲಿ ತರಗತಿ ತೀರ್ಮಾನವಾಗುವುದು ಸೆಪ್ಟೆಂಬರ್ 1ರಿಂದ ಆಗಸ್ಟ್ 31ರ ಲೆಕ್ಕದಲ್ಲಿ. ಬೆಂಗಳೂರಿನಲ್ಲಿ ಎರಡನೇ ಕ್ಲಾಸಿನಲ್ಲಿದ್ದ ಹುಡುಗಿ ಇಲ್ಲಿ ಇಯರ್ 3. ಎದುರಿನ ಶಾಲೆಯಲ್ಲಿ ಇಯರ್ 3 ತುಂಬಿದೆ. ವೇಟಿಂಗ್ ಲಿಸ್ಟಿಗೆ ಹೆಸರು ಸೇರಿಸಬಹುದು. ಆದರೆ ಆ ಪಟ್ಟಿ ನಮ್ಮ ಕ್ಯೂ ಥರದ್ದಲ್ಲ. ಮೊದಲು ಬಂದವರಿಗೆ ಮೊದಲು ಎಂಬುದಿಲ್ಲ. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿರುವ ಮಗು, ಇನ್ನೂ ಹತ್ತಿರದ ಮಗು ನಾಳೆ ಬಂದರೆ ನಮಗಿಂತ ಮೇಲೆ ಹೋಗುತ್ತದೆ.

ಅವಳ ಮುಖ ಸಣ್ಣದಾಗುತ್ತದೆ. ಬೆಂಗಳೂರಿನಲ್ಲಿ ಸೀಟು ಸಿಕ್ಕಿ ಫೀಸು ಕಟ್ಟಿದರೆ ಮುಗಿಯಿತು, ಶಾಲೆ ಊರಿನ ಯಾವ ಮೂಲೆಯಲ್ಲಿದ್ದರೂ ಹಳದಿ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಇಲ್ಲಿ ಸರ್ಕಾರಿ ಶಾಲೆಗೆ ಬಿಡಿಗಾಸೂ ಫೀಸಿಲ್ಲ, ಸೀಟಿಗೆ ವಿಳಾಸವೇ ಮುಖ್ಯ.

ಮಧ್ಯಾಹ್ನ ಕ್ಯಾವರ್ಶಮ್. ಥೇಮ್ಸ್ ನದಿಯ ಸೇತುವೆ ದಾಟಿದರೆ ರೆಡಿಂಗಿನ ಉತ್ತರದ ಬಡಾವಣೆ. ಅಳಿಯಂದಿರ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ಸಿದ್ಧವಿದೆ. ಸುತ್ತಲಿನ ಶಾಲೆಗಳೆಲ್ಲ ಅದರಲ್ಲಿವೆ, ಪ್ರತಿಯೊಂದರ ಎದುರೂ ಆಫ್‌ಸ್ಟೆಡ್ ಎಂಬ ತಪಾಸಣಾ ಸಂಸ್ಥೆ ಕೊಟ್ಟ ಹಳೆಯ ದರ್ಜೆ. ‘ಔಟ್‌ಸ್ಟ್ಯಾಂಡಿಂಗ್’ಗೆ ಹಸಿರು, ‘ಗುಡ್’ಗೆ ಹಳದಿ. ಅದರ ಕೆಳಗಿನದಕ್ಕೆಲ್ಲ ಕೆಂಪು.

ಕಾರನ್ನು ಪಕ್ಕಕ್ಕೆ ನಿಲ್ಲಿಸುತ್ತೇನೆ. ಈ ಮಾತನ್ನು ಕ್ಯಾವರ್ಶಮ್‌ನಲ್ಲಿ ಹೇಳದೆ ಇರಲಾರೆ. ಇಲ್ಲಿನ ಪ್ರೈಮರಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದವರು ರೂತ್ ಪೆರಿ. 2022ರ ನವೆಂಬರಿನಲ್ಲಿ ತಪಾಸಣೆ ನಡೆದು, ಶಾಲೆಯನ್ನು ಅತ್ಯುನ್ನತ ದರ್ಜೆಯಿಂದ ಒಂದೇ ಏಟಿಗೆ ಕಟ್ಟಕಡೆಯ ದರ್ಜೆಗೆ ಇಳಿಸಿದರು. ವರದಿ ಹೊರಬರುವ ಮೊದಲೇ, 2023ರ ಜನವರಿಯಲ್ಲಿ, ಆ ತಾಯಿ ಪ್ರಾಣ ಕಳೆದುಕೊಂಡರು. ಆ ತಪಾಸಣೆಯೂ ಸಾವಿಗೆ ಕಾರಣವಾಯಿತು ಎಂದು ವಿಚಾರಣೆ ನಡೆಸಿದ ಅಧಿಕಾರಿ ತೀರ್ಪು ಕೊಟ್ಟರು. ಅದೇ ಶಾಲೆ ಕೆಲವೇ ತಿಂಗಳಲ್ಲಿ, ಮರು ತಪಾಸಣೆಯಲ್ಲಿ, ‘ಗುಡ್’ ಎನಿಸಿಕೊಂಡಿತು. 2024ರ ಸೆಪ್ಟೆಂಬರಿನಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಿಗೆ ಆ ಒಂದು ಪದದ ದರ್ಜೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಈಗ ಬರುವುದು ವಿಭಾಗವಾರು ವರದಿ. ಅದನ್ನು ಕೂತು ಓದಬೇಕು, ಇಡೀ ಶಾಲೆಗೆ ಒಂದೇ ಬಣ್ಣ ಬಳಿಯಲಾಗದು.

ಅಳಿಯಂದಿರು ಏನೂ ಹೇಳದೆ ಲ್ಯಾಪ್‌ಟಾಪ್ ಮುಚ್ಚುತ್ತಾರೆ.

ಅಲ್ಲಿನ ಮನೆ ಚೆನ್ನಾಗಿದೆ, ಬಾಡಿಗೆ ಕೈಗೆಟುಕುವುದಿಲ್ಲ. ಅಷ್ಟೇ.

ಮಾರನೆಯ ದಿನ ವುಡ್ಲಿ. ಕೌನ್ಸಿಲ್‌ನವರು ನಿನ್ನೆ ಫೋನಿನಲ್ಲಿ ಇಯರ್ 3ರಲ್ಲಿ ಜಾಗವಿದೆ ಎಂದಿದ್ದ ಶಾಲೆ ಇಲ್ಲಿದೆ. ಕಟ್ಟಡ ಹಳೆಯದು, ಅಳಿಯಂದಿರ ಪಟ್ಟಿಯಲ್ಲಿ ಹಸಿರು ಕಂಡದ್ದೂ ಅಲ್ಲ. ಮುಖ್ಯೋಪಾಧ್ಯಾಯಿನಿ ತಾವೇ ಬಂದು ಕರೆದೊಯ್ಯುತ್ತಾರೆ. ಕಾರಿಡಾರಿನ ಗೋಡೆಗೆ ಸಾಲು ಗೂಟಗಳು, ಒಂದೊಂದಕ್ಕೂ ಒಂದು ಹೆಸರು, ಒದ್ದೆ ಕೋಟು. ತರಗತಿಯೊಳಗೆ ಟೀಚರ್ ಮಗಳ ಎದುರು ಮಂಡಿಯೂರಿ ಕೂತು ಹೆಸರು ಕೇಳುತ್ತಾರೆ. ಅವಳು ಪಿಸುಗುಡುತ್ತಾಳೆ. ಅವರು ತಪ್ಪಾಗಿ ಹೇಳುತ್ತಾರೆ, ಅವಳು ತಿದ್ದುತ್ತಾಳೆ, ಅವರು ಮತ್ತೆ ಹೇಳುತ್ತಾರೆ. ಸರಿಯಾಗುವವರೆಗೂ ಬಿಡುವುದಿಲ್ಲ. “ಮನೆಯಲ್ಲಿ ಯಾವ ಭಾಷೆ?” “ಕನ್ನಡ.” ಅದನ್ನೂ ಬರೆದುಕೊಳ್ಳುತ್ತಾರೆ. ಕನ್ನಡ ಬಿಡಬೇಡಿ, ಇಂಗ್ಲಿಷ್ ನಾವು ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ಅಕ್ಕನ ಮಗಳು ನನ್ನ ತೋಳನ್ನು ಹಿಡಿದುಕೊಳ್ಳುತ್ತಾಳೆ.

ಉಳಿದದ್ದು ಮಗನ ಪ್ರಶ್ನೆ. ಅವನು ಸೇರಬೇಕಾದದ್ದು ಈ ಸೆಪ್ಟೆಂಬರಿಗೆ, ರಿಸೆಪ್ಷನ್ನಿಗೆ. ಅದರ ಅರ್ಜಿಗೆ ಜನವರಿ 15 ಕೊನೆಯ ದಿನವಾಗಿತ್ತು, ಆಗ ಇವರಿನ್ನೂ ವೀಸಾಕ್ಕೆ ಓಡಾಡುತ್ತಿದ್ದರು. ಈಗ ತಡವಾದ ಅರ್ಜಿ. ಸಮಯಕ್ಕೆ ಹಾಕಿದವರಿಗೆ ಏಪ್ರಿಲ್ 16ರಂದು ಜಾಗ ಹಂಚಿದ ಮೇಲೆ ಉಳಿದದ್ದರಲ್ಲಿ ಕೊಡುತ್ತಾರೆ. ರಿಸೆಪ್ಷನ್ನಿನಿಂದ ಇಯರ್ 2ರವರೆಗೆ ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇರುವುದರಿಂದ ಇನ್ನೊಂದು ಕುರ್ಚಿ ಹಾಕಿಸಿಕೊಳ್ಳುವುದು ಸುಲಭವಲ್ಲ. ಆದರೆ ಅಕ್ಕ ಮೊದಲೇ ಅದೇ ಶಾಲೆಯಲ್ಲಿದ್ದರೆ ತಮ್ಮನ ಹೆಸರು ಪಟ್ಟಿಯಲ್ಲಿ ಮೇಲೇರುತ್ತದೆ. ಇಲ್ಲವಾದರೆ ಇಬ್ಬರಿಗೂ ಬೇರೆ ಬೇರೆ ಶಾಲೆ, ಎರಡೂ ಕಡೆ ಗೇಟು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಚ್ಚುವುದು. ಮಳೆಯಲ್ಲಿ ನಾಲ್ಕು ವರ್ಷದ ಮಗುವನ್ನು ಎಳೆದುಕೊಂಡು ಓಡುವ ತಾಯಂದಿರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಶಾಲೆ ಬಿಡುವ ಹೊತ್ತಿಗೆ ಅಲ್ಲಿಂದ ನಡೆದೇ ಹೊರಡುತ್ತೇವೆ, ಹತ್ತಿರದಲ್ಲಿ ಬಾಡಿಗೆಗಿರುವ ಇನ್ನೊಂದು ಮನೆಗೆ. ಹುಡುಗ ಎರಡು ಕಡೆ ಕೂತು, ಒಂದು ಕಡೆ ಅತ್ತು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ದಾರಿಯಲ್ಲಿ ದೊಡ್ಡ ರಸ್ತೆ ಒಂದೇ, ಅದಕ್ಕೆ ಸಿಗ್ನಲ್ ಇದೆ. ಮನೆ ಮೊದಲಿನದಕ್ಕಿಂತ ಚಿಕ್ಕದು, ಹಳೆಯ ಕಾರ್ಪೆಟ್ಟು. ಬೀರುವಿನ ಹಿಂದೆ ಗೋಡೆ ಒಣಗಿದೆ.

“ಇದೇ ಇರಲಿ” ಅನ್ನುತ್ತಾಳೆ ಅಕ್ಕನ ಮಗಳು. ಅಳಿಯಂದಿರೂ ತಲೆಯಾಡಿಸುತ್ತಾರೆ.

ಹೊರದೇಶಕ್ಕೆ ಹೊರಟಿರುವ ಅಪ್ಪ ಅಮ್ಮಂದಿರೇ, ಬೆಂಗಳೂರಿನಲ್ಲೇ ಕೂತು ಚಿತ್ರ ನೋಡಿ ಒಂದು ವರ್ಷದ ಮನೆ ಗೊತ್ತು ಮಾಡಬೇಡಿ. ಮೊದಲ ಕೆಲವು ವಾರಕ್ಕೆ ತಾತ್ಕಾಲಿಕ ವಸತಿ ಸಾಕು. ಅಲ್ಲಿನ ಕೌನ್ಸಿಲ್‌ಗೆ ಫೋನ್ ಮಾಡಿ ಮಕ್ಕಳ ಹುಟ್ಟಿದ ದಿನ ಹೇಳಿ, ಇವತ್ತು ಯಾವ ಶಾಲೆಯಲ್ಲಿ ಜಾಗವಿದೆ ಎಂದು ಕೇಳಿ. ಮನೆಯ ಮಾತು ಆಮೇಲೆ.