ಪಾದ ನೋಡುವ ಡಾಕ್ಟರು

ನಿವೃತ್ತಿಯಾದ ಮೇಲೂ ನಮ್ಮ ಬೀದಿಯ ಡಾಕ್ಟರು ಭಾನುವಾರ ಬೆಳಿಗ್ಗೆ ಗಣಪತಿ ಗುಡಿಯ ಜಗಲಿಗೆ ಬಂದು ಕೂರುತ್ತಾರೆ, ಸಕ್ಕರೆ ಕಾಯಿಲೆಯವರ ಪಾದ ನೋಡಲು. ಇವತ್ತು ಹೂ ಮಾರುವ ಅಜ್ಜಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ನೈಲಾನ್ ಎಳೆಯೊಂದನ್ನು ಅದು ಬಾಗುವಷ್ಟು ಒತ್ತಿದರು. 10 ಗ್ರಾಂ ಒತ್ತಡ, ಅಷ್ಟೇ.

"ಗೊತ್ತಾಯ್ತೇನಮ್ಮಾ?"

ಹೆಬ್ಬೆರಳಿಗೆ ಗೊತ್ತಾಗಲಿಲ್ಲ. ನರ ಸೋತ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹುಣ್ಣು ಕೊಳೆತರೆ ಬೆರಳನ್ನೇ ತೆಗೆಯಬೇಕಾದೀತು. ಮಾತ್ರೆ ಬರೆದುಕೊಡುವವರು ಬೇಕಾದಷ್ಟಿದ್ದಾರೆ. ಚಪ್ಪಲಿ ಬಿಚ್ಚಿಸಿ ಕಾಲು ನೋಡುವವರು ಎಷ್ಟು ಜನ? ನನ್ನ ಅಪ್ಪನ ಕಾಲನ್ನು ಯಾರೂ ನೋಡಿರಲಿಲ್ಲ, ನಾನೂ.

"ನೆಲದ ಮೇಲೆ ಕನ್ನಡಿ ಇಟ್ಟು ದಿನಾ ರಾತ್ರಿ ಅಂಗಾಲು ನೋಡ್ಕೊಳ್ಳಿ" ಎಂದರು ಡಾಕ್ಟರು. ಅಜ್ಜಿ ಮೆಲ್ಲಗೆ ಕಾಲು ಹಿಂದಕ್ಕೆಳೆದುಕೊಂಡು, "ದೊಡ್ಡೋರು ನೀವು, ನನ್ನ ಕಾಲು ಮುಟ್ಟಬಾರ್ದಿತ್ತು ಸ್ವಾಮಿ" ಎಂದು ಕೈ ಮುಗಿದಳು.