ಜಯಮಂಗಲಿಗೆ ಇಳಿಯಲು ದಾರಿ ಬೇಕು

ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ 2022ರ ಮಳೆಗೆ ತುಂಬಿ ಹರಿದಳು. ಅಂಥ ವರ್ಷ ಮೀನೂ ಬರುತ್ತದೆ, ಆದರೆ ಗಾಳ ಹಿಡಿದು ಇಳಿಯಲು ದಾರಿಯೇ ಇರುವುದಿಲ್ಲ. ದಡದ ತುಂಬ ಬಳ್ಳಾರಿ ಜಾಲಿ, ನೀರಿನೊಳಗೆ ಮರಳು ಬಗೆದ ಗುಂಡಿ. ಮೊಣಕಾಲುದ್ದ ಎಂದುಕೊಂಡು ಇಟ್ಟ ಹೆಜ್ಜೆ ಆಳುದ್ದಕ್ಕೆ ಜಾರುತ್ತದೆ. ಮಕ್ಕಳನ್ನು ಕರೆದೊಯ್ಯಲು ನನಗೆ ಧೈರ್ಯವಿಲ್ಲ.

ಹರಿವು ನಿಧಾನವಾಗುವ ಕಡೆ ಗೆಂಡೆ ಮೀಸೆಯಾಡಿಸುತ್ತಾ ತಳ ಕೆದಕುತ್ತದೆ. ಎರೆಹುಳು ಸಿಕ್ಕಿಸಿ ಬಿಟ್ಟರೆ ಬೆಂಡು ಮೊದಲು ಸಣ್ಣಗೆ ಅಲುಗಿ, ಆಮೇಲೆ ಒಮ್ಮೆಲೇ ಮುಳುಗುತ್ತದೆ. ಆ ಸುಖ ನಮ್ಮೂರಿನ ಮುದುಕರಿಗೂ ಸಿಗಬೇಕು.

ಸೇತುವೆಗಳ ಮಗ್ಗುಲಲ್ಲಿ ಜಾಲಿ ಕಡಿದು, ಗುಂಡಿ ಇಲ್ಲದ ಕಡೆ ನಾಲ್ಕು ಮೆಟ್ಟಿಲು ಕಟ್ಟಿಸಿದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳುತ್ತೇನೆ, ನೀವೂ ಬನ್ನಿ.