ಹಂಚಿನ ಮಸಿ

ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನನ್ನ ಹೆಂಡತಿಯ ರಕ್ತ ಪರೀಕ್ಷೆಯ ಚೀಟಿ ನೋಡಿ, ನನ್ನ ಕಡೆ ತಿರುಗಿ, 'ಇವರು ಏನು ಊಟ ಮಾಡ್ತಾರೆ?' ಎಂದು ಕೇಳಿದರು.

'ನಾವೆಲ್ಲ ಉಣ್ಣೋದನ್ನೇ ಸರ್' ಎಂದೆ.

'ಯಾವಾಗ?'

ನನಗೆ ಉತ್ತರ ಹೊಳೆಯಲಿಲ್ಲ. 1996ರ ಮೇ ತಿಂಗಳಲ್ಲಿ ಹಡಗಲಿಯಲ್ಲಿ ನಮ್ಮ ಮದುವೆಯಾಯಿತು. ಅಂದಿನಿಂದ ಅವಳು ಉಣ್ಣುವುದನ್ನು ನಾನು ಸರಿಯಾಗಿ ನೋಡಿಯೇ ಇಲ್ಲ ಎಂಬುದು ಆ ಕುರ್ಚಿಯಲ್ಲಿ ಕುಳಿತಾಗಲೇ ನನಗೆ ಗೊತ್ತಾದದ್ದು.

ರೊಟ್ಟಿ ಬಡಿಯುವಾಗ ಕಣ್ಣಿಗೆ ಕತ್ತಲೆ ಬಂದು ಕುಸಿದಿದ್ದಳು. ಹೆಂಗಸರಲ್ಲಿ 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ ಅವಳಲ್ಲಿ 7.8 ಇತ್ತು. ಬೇರೆ ಕಾಯಿಲೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. 'ನಿಮ್ಮೊಬ್ಬರ ಮನೆ ಕಥೆ ಅಲ್ಲ ಇದು' ಎಂದು ಸಮಾಧಾನವನ್ನೂ ಹೇಳಿದರು. ಅದೂ ನಿಜವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಆದರೆ ಐವತ್ತೇಳು ಮಂದಿಯ ಗುಂಪಿನಲ್ಲಿ ನಮ್ಮ ಮನೆಯವಳೂ ಒಬ್ಬಳು ಎನ್ನುವುದು ಎಂಥ ಸಮಾಧಾನ?

ನಮ್ಮ ಕಡೆ ಜೋಳದ ರೊಟ್ಟಿಯ ಮನೆಗಳಲ್ಲಿ ಒಂದು ಪದ್ಧತಿಯಿದೆ. ಯಾರೂ ಮಾಡಿದ್ದಲ್ಲ, ತಾನೇ ಆದದ್ದು. ಹಂಚಿನಿಂದ ಇಳಿದ ಬಿಸಿ ರೊಟ್ಟಿ ಗಂಡಸರ ಗಂಗಾಳಕ್ಕೆ, ಆಮೇಲೆ ಮಕ್ಕಳಿಗೆ. ಬಡಿದವಳ ಪಾಲಿಗೆ ಬರುವುದು ಕೊನೆಯ ತಣ್ಣನೆಯ ರೊಟ್ಟಿ. ಭಾನುವಾರದ ಮಟನ್ ಕಥೆಯೂ ಅಷ್ಟೆ. ತುಂಡುಗಳು ನನಗೂ ಮಕ್ಕಳಿಗೂ, ಪಾತ್ರೆಯ ತಳದ ಸಾರು ಅವಳಿಗೆ. 'ನನಗೆ ತುಂಡಿಗಿಂತ ಸಾರೇ ಸೇರತೈತಿ' ಎಂದು ಅವಳು ಹೇಳುತ್ತಿದ್ದಳು, ನಾನು ನಂಬುತ್ತಿದ್ದೆ. ನಂಬುವುದು ಅನುಕೂಲವಾಗಿತ್ತು ಎಂದರೆ ಹೆಚ್ಚು ಸರಿಯಾದೀತು.

ಬೆಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. 'ಅಪ್ಪ, ಮೇ ತಿಂಗಳಲ್ಲಿ ನಿಮ್ಮ ಮದುವೆ ದಿನ ಬರುತ್ತಲ್ಲ, ಅವತ್ತು ನೀವೇ ಅಡುಗೆ ಮಾಡಿ ಅಮ್ಮನ್ನ ಎದುರಿಗೆ ಕೂರಿಸ್ಕೊಂಡು ಉಣ್ಣಿ. ರೋಮ್ಯಾಂಟಿಕ್ ಡಿನ್ನರ್!' ಎಂದಳು. ಏನು ಮಾಡಲಿ ಎಂದರೆ, 'ಸ್ಟೇಕ್, ರೆಡ್ ವೈನ್ ಸಾಸ್ ಜೊತೆ. ಮಸಾಲೆ ಅರೆಯೋ ಕೆಲಸ ಇಲ್ಲ. ಅಡುಗೆ ಬರದವರಿಗೆ ಅದೇ ಸುಲಭ' ಎಂದಳು. ಸುಲಭ ಎನ್ನುವುದನ್ನು ಆಕೆ ಯಾವ ಪುಸ್ತಕದಲ್ಲಿ ಓದಿದ್ದಳೋ ಕಾಣೆ.

ಸ್ಟೇಕ್ ಎಂದರೆ ಮಾಂಸದ ದಪ್ಪ ಹೋಳು. ಉಪ್ಪು, ಮೆಣಸಿನ ಪುಡಿ ಸವರಿ ಕಾದ ಕಬ್ಬಿಣದ ಮೇಲೆ ಎರಡೂ ಬದಿ ಸುಡಬೇಕು. ಆಮೇಲೆ ಹಂಚಿಗೆ ಹತ್ತಿದ ಕಂದು ಚೂರುಗಳ ಮೇಲೆ ವೈನ್ ಸುರಿದು, ಕೆರೆದು, ಕುದಿಸಿ ಇಂಗಿಸಿದರೆ ಅದೇ ಸಾಸ್. ಪರದೇಶಗಳಲ್ಲಿ ಇದು ಸಾಮಾನ್ಯವಾಗಿ ದನದ ಮಾಂಸದ್ದು. ನಮ್ಮ ಮನೆಯಲ್ಲಿ ಅದು ನಡೆಯದು. ಹೀಗಾಗಿ ಕುರಿ ಮಾಂಸವೇ ಎಂದು ತೀರ್ಮಾನವಾಯಿತು. ಕುರಿಗೆ ನಮ್ಮಲ್ಲೇನು ಬರ? ಬಳ್ಳಾರಿ ಕುರಿ ಎಂಬ ತಳಿಯೇ ಈ ಸೀಮೆಯ ಹೆಸರು ಹೊತ್ತಿದೆ.

ತೊಡಕಾದದ್ದು ವೈನು. ಹಗರಿಬೊಮ್ಮನಹಳ್ಳಿಯಲ್ಲಿ 'ವೈನ್ಸ್' ಎಂಬ ಬೋರ್ಡಿಗೆ ಕೊರತೆಯಿಲ್ಲ, ವೈನ್ ಕೇಳುವವರು ಮಾತ್ರ ಇಲ್ಲ. ನಂದಿ ಬೆಟ್ಟದ ಸುತ್ತ, ಕೃಷ್ಣಾ ತೀರದ ವಿಜಯಪುರದ ಕಡೆ ವೈನಿಗೆಂದೇ ದ್ರಾಕ್ಷಿ ಬೆಳೆಯುತ್ತಾರೆ, 2007ರಲ್ಲಿ ರಾಜ್ಯ ಸರ್ಕಾರ ಅದಕ್ಕೊಂದು ನೀತಿಯನ್ನೂ ರೂಪಿಸಿತು ಎಂಬುದನ್ನೆಲ್ಲ ನಾನು ಬಲ್ಲೆ. ಆದರೆ 27 ವರ್ಷ ಇದೇ ಊರಿನ ಸುತ್ತ ಕೆಮಿಸ್ಟ್ರಿ ಪಾಠ ಹೇಳಿದವನು ಆ ಬೋರ್ಡಿನ ಕೆಳಗೆ ನಿಂತರೆ ನೋಡುವವರು ಸಾಸ್ ಮಾಡಲೆಂದು ನಿಂತಿದ್ದಾನೆ ಎಂದುಕೊಳ್ಳುತ್ತಾರೆಯೇ? ಕುದಿಸಿದರೆ ಮದ್ಯದ ಅಂಶವೆಲ್ಲ ಹಾರಿಹೋಗುತ್ತದೆ ಎನ್ನುವವರಿದ್ದಾರೆ. ಅದೂ ಪೂರ್ತಿ ನಿಜವಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ. 'ನಮ್ಮ ಮನ್ಯಾಗ ಅದು ಬ್ಯಾಡ್ರಿ' ಎಂದು ಹೆಂಡತಿಯೂ ಹೇಳಿಬಿಟ್ಟಳು.

ಹಾಗಾದರೆ ಸಾಸಿಗೆ ವೈನ್ ಕೊಡುವುದೇನು? ಹುಳಿ, ಒಂದಿಷ್ಟು ಸಿಹಿ, ನಾಲಿಗೆ ಬಿಗಿಯುವ ಒಗರು. ಈ ಮೂರೂ ಇರುವ ಹಣ್ಣು ನಮ್ಮ ಕೈಗೆಟಕುವಂತೆಯೇ ಇದೆ. ಕೂಡ್ಲಿಗಿ ಕಡೆ ದಾಳಿಂಬೆ ತೋಟ ಮಾಡಿರುವ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಚೀಲ ಹಣ್ಣು ತಂದುಕೊಟ್ಟ. 'ಅಮ್ಮಾರಿಗೆ ಕೊಡ್ರಿ ಸರ್, ರಕ್ತ ಬರತೈತಿ' ಎಂದ. ದಾಳಿಂಬೆ ಕೆಂಪಗಿರುವುದಕ್ಕೆ ಹುಟ್ಟಿದ ನಂಬಿಕೆ ಅದು. ಅದರಲ್ಲಿ ಕಬ್ಬಿಣ ತೀರ ಕಡಿಮೆ. ಆದರೆ ಪ್ರೀತಿಯಿಂದ ತಂದವನಿಗೆ ಪಾಠ ಹೇಳಲು ಮನಸ್ಸು ಬರಲಿಲ್ಲ.

ಮದುವೆ ದಿನಕ್ಕೆ ಮುಂಚೆ ಒಂದು ಭಾನುವಾರ ತಾಲೀಮು ಎಂದುಕೊಂಡೆ. ಮಟನ್ ಅಂಗಡಿಯಲ್ಲಿ ಮೂಳೆಯಿಲ್ಲದ ದಪ್ಪ ಹೋಳು ಕೇಳಿದಾಗ ಅಂಗಡಿಯವನು ಕತ್ತಿ ಕೆಳಗಿಟ್ಟು, 'ಮೂಳಿ ಇಲ್ದ ರುಚಿ ಎಲ್ಲಿಂದ ಬರಬೇಕ್ರಿ ಸರ್?' ಎಂದ. ಕೊನೆಗೆ ತೊಡೆಯಿಂದ ಕತ್ತರಿಸಿಕೊಟ್ಟ. ಬೆಳಿಗ್ಗೆ ತಂದದ್ದನ್ನು ಮಧ್ಯಾಹ್ನವೇ ರೊಟ್ಟಿಯ ಹಂಚಿನ ಮೇಲೆ ಹಾಕಿದೆ. ಮಗಳು ವಿಡಿಯೊ ಕಾಲ್‌ನಲ್ಲಿ, ಹೆಂಡತಿ ಬಾಗಿಲಿಗೆ ಒರಗಿಕೊಂಡು. ಅಡುಗೆಮನೆ ತುಂಬ ಹೊಗೆ. ಮಾಂಸ ಎತ್ತಿಟ್ಟು, ಅದೇ ಹಂಚಿಗೆ ದಾಳಿಂಬೆ ರಸ ಸುರಿದೆ. ಮಾಣಿಕ್ಯದಂಥ ಕೆಂಪು ರಸ ಎರಡು ಕುದಿ ಬರುವಷ್ಟರಲ್ಲಿ ಕಪ್ಪಗಾಯಿತು. ಬರೀ ಕಪ್ಪಲ್ಲ, ಇಂಕಿನ ಕಪ್ಪು.

'ಏನ್ರಿ ಇದು, ಮಸಿ?' ಎಂದಳು ಹೆಂಡತಿ.

ಮಾಂಸವೋ ಹಲ್ಲಿಗೆ ಜಗ್ಗಲಿಲ್ಲ. ಅವಳು ಒಂದು ಮಾತೂ ಆಡದೆ ಹೋಳುಗಳನ್ನು ಸಣ್ಣಗೆ ಹೆಚ್ಚಿ, ಮಸಾಲೆ ಅರೆದು, ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ ಸಾರು ಮಾಡಿದಳು. ಅಂದು ನಾವು ಉಂಡದ್ದು ಮೂರು ಗಂಟೆಗೆ. ಅವಳು ಯಾವಾಗ ಉಂಡಳೋ, ಅಂದೂ ನಾನು ನೋಡಲಿಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಮಸಿ ಎಂಬ ಅವಳ ಮಾತು ಕೊರೆಯುತ್ತಿತ್ತು. ಅವಳು ಉಪಮೆ ಕೊಟ್ಟಿರಲಿಲ್ಲ, ಸತ್ಯವನ್ನೇ ಹೇಳಿದ್ದಳು. ಹಿಂದಿನ ಕಾಲದಲ್ಲಿ ಮಸಿ ಮಾಡುತ್ತಿದ್ದ ಬಗೆಗಳಲ್ಲಿ ಒಂದು ಇದೇ: ಅಳಲೆಕಾಯಿಯ ಒಗರಿಗೆ ಅನ್ನಭೇದಿ ಬೆರೆಸುವುದು. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಒಗರು ಎಂದರೆ ಟ್ಯಾನಿನ್. ಟ್ಯಾನಿನ್ನೂ ಕಬ್ಬಿಣವೂ ಕೂಡಿದರೆ ಕಪ್ಪು. ದಾಳಿಂಬೆಯ ಹುಳಿ ನನ್ನ ಹಂಚಿನ ಕಬ್ಬಿಣವನ್ನು ಕರಗಿಸಿತ್ತು, ಅದರ ಒಗರು ಆ ಕಬ್ಬಿಣವನ್ನು ಹಿಡಿದುಕೊಂಡು ಮಸಿಯಾಗಿತ್ತು. ಹೀಗೆ ಕಟ್ಟಿಹೋದ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಕಷ್ಟ. ಇದನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇಷ್ಟು ಯೋಚನೆಯಾದ ಮೇಲೆ ಇನ್ನೊಂದು ಹೊಳೆದು ಎದ್ದು ಕುಳಿತೆ. ಟ್ಯಾನಿನ್ ಧಾರಾಳವಾಗಿ ಇರುವುದು ಚಹಾದಲ್ಲಿ. ಡಾಕ್ಟರು ಕೊಟ್ಟ ಮಾತ್ರೆಯಲ್ಲಿದ್ದದ್ದು ಅದೇ ಫೆರಸ್ ಸಲ್ಫೇಟ್.

ಬೆಳಿಗ್ಗೆ ಕೇಳಿದೆ, 'ಮಾತ್ರೆ ಯಾವುದರ ಜೊತೆ ನುಂಗ್ತೀಯ?'

'ಚಾದ ಜೋಡಿ. ಬರೇ ನೀರಿನಾಗ ವಾಕರಿಕಿ ಬರತೈತ್ರಿ.'

ಎರಡು ತಿಂಗಳಿಂದ ಹಾಗೇ ನಡೆದಿತ್ತು. ಪಕ್ಕದ ಕೋಣೆಯಲ್ಲಿ ಕೆಮಿಸ್ಟ್ರಿ ಮೇಷ್ಟ್ರು ಪೇಪರ್ ಓದುತ್ತಾ ಕುಳಿತಿರುತ್ತಿದ್ದರು.

ಒಂದು ಲೋಟ ಹಾಲು ಹಾಕದ ಚಹಾದಲ್ಲಿ ಮಾತ್ರೆ ಪುಡಿ ಮಾಡಿ ಹಾಕಿ ಅವಳ ಎದುರಿಗಿಟ್ಟೆ. ನೋಡನೋಡುತ್ತ ಚಹಾ ಕಪ್ಪಗಾಯಿತು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು, ಖರ್ಚು ಒಂದು ಮಾತ್ರೆ. ಕುಡಿಯಬಾರದು, ಅಷ್ಟೆ. ಅವಳು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. 'ಇದನ್ನ ಮೊದಲ ಯಾಕ ಹೇಳಲಿಲ್ಲ?' ಎಂದಳು. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮಾತ್ರೆ ನಿಂಬೆಹಣ್ಣಿನ ನೀರಿನ ಜೊತೆ. ಹುಳಿಯಲ್ಲಿರುವ ವಿಟಮಿನ್ 'ಸಿ' ಕಬ್ಬಿಣ ಸೇರಲು ಸಹಾಯ ಮಾಡುತ್ತದೆ. ಊಟಕ್ಕೂ ಮಾತ್ರೆಗೂ ಒಂದು ಗಂಟೆ ಆಚೆ ಈಚೆ ಚಹಾ ಇಲ್ಲ. ಕಾಫಿಗೂ ಇದೇ ಮಾತು.

ಮದುವೆ ದಿನದ ಹೊತ್ತಿಗೆ ನಾನು ಸ್ವಲ್ಪ ಕಲಿತಿದ್ದೆ. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಒಂದೆರಡು ದಿನ ತಣ್ಣಗಿಟ್ಟರೆ ಒಳಗಿನ ಕಿಣ್ವಗಳೇ ಅದನ್ನು ಮೆತ್ತಗೆ ಮಾಡುತ್ತವೆ. ನಮ್ಮ ಸಾರಿಗೆ ಇದು ಬೇಕಿಲ್ಲ, ಗಂಟೆಗಟ್ಟಲೆ ಕುದಿಯುವುದರಿಂದ ಎಲ್ಲ ಸರಿಹೋಗುತ್ತದೆ. ನಿಮಿಷಗಳಲ್ಲಿ ಆಗುವ ಅಡುಗೆಗೆ ಮಾತ್ರ ಇದು ಬೇಕು. ಸದಾ ದುಡಿಯುವ ತೊಡೆಯ ಮಾಂಸವೂ ಇದಕ್ಕೆ ಆಗದು. ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಇರುವ ಮೆತ್ತನೆಯ ಭಾಗ ಬೇಕು. ಅದನ್ನು ತಂದು ಎರಡು ದಿನ ಫ್ರಿಜ್ಜಿನಲ್ಲಿಟ್ಟೆ. ಹೆಬ್ಬೆರಳ ದಪ್ಪಕ್ಕೆ ಹೋಳು ಮಾಡಿ, ಉಪ್ಪು ಹಚ್ಚಿ ಒಂದು ಗಂಟೆ ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿದೆ. ಈ ಒರೆಸುವುದೇ ಮುಖ್ಯ. ಮೇಲೆ ತೇವವಿದ್ದರೆ ಶಾಖವೆಲ್ಲ ನೀರು ಆವಿಯಾಗುವುದಕ್ಕೇ ಖರ್ಚಾಗಿ ಮಾಂಸ ಬೇಯುತ್ತದೆ, ಕಂದು ಬಣ್ಣ ಬರುವುದಿಲ್ಲ. ಆ ಬಣ್ಣ, ಆ ಘಮ ಬರಬೇಕಾದರೆ 140 ಡಿಗ್ರಿ ಸೆಲ್ಸಿಯಸ್‌ ಆಸುಪಾಸಿನ ಶಾಖ ಬೇಕು. ಫ್ರಾನ್ಸಿನ ಮಯಾರ್ ಎಂಬಾತ 1912ರಲ್ಲಿ ವಿವರಿಸಿದ ರಾಸಾಯನಿಕ ಕ್ರಿಯೆ ಅದು. ರೊಟ್ಟಿಯ ಮೇಲೆ ಬೀಳುವ ಕಂದು ಚುಕ್ಕೆಗಳಲ್ಲೂ ಅದರ ಕೈವಾಡವಿದೆ. ನನ್ನ ಹೆಂಡತಿ ಮಯಾರನ ಹೆಸರು ಕೇಳಿಲ್ಲ, ಹಂಚು ಕಾದಿದೆಯೇ ಎಂದು ನೀರು ಚಿಮುಕಿಸಿ ನೋಡುವುದನ್ನು ಮಾತ್ರ ಬಲ್ಲಳು. ನನಗೆ ಅದನ್ನು ಹೇಳಿಕೊಟ್ಟವಳೂ ಅವಳೇ.

ಒಂದೊಂದು ಬದಿ ನಾಲ್ಕು ನಿಮಿಷ. ಒಳಗೆ ಕೆಂಪಗೇ ಉಳಿಯಬೇಕು ಎಂದು ಮಗಳ ವಾದ. ಹಾಗೆ ಬಡಿಸಿದ್ದರೆ ಅಂದಿನ ಡಿನ್ನರ್ ಅಲ್ಲಿಗೇ ಮುಗಿಯುತ್ತಿತ್ತು. ಮಾಂಸವನ್ನು ಗಂಗಾಳದಲ್ಲಿ ಐದು ನಿಮಿಷ ಸುಮ್ಮನೆ ಬಿಟ್ಟೆ, ರಸ ಒಳಗೇ ನಿಲ್ಲಲೆಂದು. ಹಂಚಿಗೆ ಸ್ವಲ್ಪ ಬಿಸಿನೀರು ಹಾಕಿ, ಹತ್ತಿದ ಕಂದನ್ನು ಕೆರೆದು, ಸ್ಟೀಲ್ ಪಾತ್ರೆಗೆ ಬಗ್ಗಿಸಿದೆ. ದಾಳಿಂಬೆ ರಸ ಸೇರಿದ್ದು ಆ ಸ್ಟೀಲ್ ಪಾತ್ರೆಯಲ್ಲೇ, ಹಂಚಿನಲ್ಲಲ್ಲ! ಎರಡು ಹಣ್ಣಿನ ಒಂದು ಲೋಟ ರಸ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕಾಳುಮೆಣಸು. ಕಾಲು ಲೋಟಕ್ಕೆ ಇಳಿದ ಮೇಲೆ ಒಂದು ಗೋಲಿಯಷ್ಟು ಬೆಣ್ಣೆ. ಈ ಸಲ ಬಣ್ಣ ಕೆಂಪಗೇ ಉಳಿಯಿತು.

ನಡುವೆ ಹರಪನಹಳ್ಳಿಯಿಂದ ಅಕ್ಕನ ಫೋನು. ಏನು ಮಾಡುತ್ತಿದ್ದೀ ಎಂದಳು. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. 'ಅಕಿ ನಿನಗೇನರ ಮದ್ದು ಹಾಕ್ಯಾಳೇನೋ?' ಎಂದಳು. ಮದ್ದು ಹಾಕುವ ಕೆಲಸ ಈಗ ನನ್ನದು ಎಂದು ಫೋನ್ ಇಟ್ಟೆ.

ಮೇಣದಬತ್ತಿ ಹಚ್ಚಿ, ದೀಪ ಆರಿಸಿ ಎಂದು ಮಗಳ ಅಪ್ಪಣೆಯಾಗಿತ್ತು. ಹಚ್ಚಿದೆ. ಹೆಂಡತಿ ಬಂದವಳೇ, 'ಹುಳ ಹುಪ್ಪಡಿ ಬಿದ್ರ ಹ್ಯಾಂಗ ಗೊತ್ತಾಗಬೇಕ್ರಿ' ಎಂದು ಟ್ಯೂಬ್‌ಲೈಟ್ ಹಾಕಿದಳು. ಅವಳ ತವರಿನಿಂದ ಬಸ್ಸಿನಲ್ಲಿ ಬಂದಿದ್ದ ಹಡಗಲಿ ಮಲ್ಲಿಗೆಯನ್ನು ಮುಡಿದಿದ್ದಳು. ಅದೊಂದು ಮಾತ್ರ ಮಗಳ ಪಟ್ಟಿಯಲ್ಲಿ ಇರಲಿಲ್ಲ. ರೊಟ್ಟಿ ಬಡಿಯಲು ಹೊರಟವಳನ್ನು ತಡೆದೆ. ನನಗೆ ರೊಟ್ಟಿ ಬಾರದು, ಅಂಗಡಿಯಿಂದ ಕಟಕ್ ರೊಟ್ಟಿ ತಂದಿಟ್ಟಿದ್ದೆ.

ಎದುರುಬದುರು ಕುಳಿತೆವು. ಇಬ್ಬರಿಗೂ ನಾಚಿಕೆ. ಹೊರಗೆ ಹೀಗೆ ಕುಳಿತು ತಿಂದದ್ದು ಒಮ್ಮೆ, ಮದುವೆಯಾದ ಮರುವರ್ಷ ಕೊಟ್ಟೂರು ಜಾತ್ರೆಯಲ್ಲಿ, ಮಿರ್ಚಿ ಮಂಡಕ್ಕಿ. ಆ ದಿನ ಮಿರ್ಚಿಯ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂದದ್ದು ನನಗೆ ನೆನಪಿದೆ. ಅವಳಿಗೆ ನೆನಪಿದ್ದದ್ದು, ಕೊನೆಯ ಮಿರ್ಚಿಯನ್ನು ನಾನು ಅವಳಿಗೆ ಬಿಟ್ಟದ್ದು. ಆಮೇಲೆ ಅಂಥದ್ದು ಯಾಕೆ ನಿಂತಿತೋ ಇಬ್ಬರಿಗೂ ತಿಳಿಯದು.

ಅವಳು ಒಂದು ತುಂಡು ಸಾಸಿಗೆ ಅದ್ದಿ ಬಾಯಿಗಿಟ್ಟಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ನೋಡುತ್ತಿದ್ದೆ.

'ಉಪ್ಪು ಮುಂದಾಗೇತಿ' ಎಂದಳು. ಇನ್ನೊಂದು ತುಂಡು ತೆಗೆದುಕೊಂಡಳು. ಆಮೇಲೆ ಮತ್ತೊಂದು. ನಾನು ಎಣಿಸಿದೆ, ಐದು. ಸಾರೇ ಸೇರುತ್ತದೆ ಎನ್ನುತ್ತಿದ್ದವಳು.

ಕೈ ತೊಳೆದವಳೇ ಚಹಾದ ಪಾತ್ರೆಗೆ ಕೈ ಹಾಕಿದಳು. ಒಂದು ಗಂಟೆ ಬೇಡ ಎಂದೆ. 'ನಿಮ್ಮ ಡಿನ್ನರೂ ಬ್ಯಾಡ, ಏನೂ ಬ್ಯಾಡ. ಉಂಡ ಮ್ಯಾಲ ಚಾ ಇಲ್ದ ನನಗ ಆಗಂಗಿಲ್ಲ' ಎಂದು ಸಿಡುಕಿದಳು. ಕೊನೆಗೆ ರಾಜಿಯಾಯಿತು. ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕುಳಿತು ಗಂಟೆ ಕಳೆಯುವುದೆಂದು. ಎಂಟೂವರೆ. ಸೆಕೆ. ಬಸ್ ನಿಲ್ದಾಣದ ಕಡೆಯಿಂದ ಕೊಟ್ಟೂರು, ಕೊಟ್ಟೂರು ಎಂಬ ಕಂಡಕ್ಟರನ ಕೂಗು. ಅವಳು ಮಗಳ ಮದುವೆ, ತವರಿನ ಹೊಲದ ತಗಾದೆ, ಕುಸಿದು ಬಿದ್ದ ದಿನ ತನಗೆ ಆದ ಹೆದರಿಕೆ ಎಲ್ಲವನ್ನೂ ಹೇಳಿದಳು. ಹೆದರಿಕೆಯ ವಿಷಯ ಅಲ್ಲಿವರೆಗೆ ನನಗೆ ಹೇಳಿರಲಿಲ್ಲ.

ಗಡಿಯಾರ ನೋಡಿದಾಗ ಹತ್ತು ದಾಟಿತ್ತು. ಚಹಾ ನಾನೇ ಮಾಡುತ್ತೇನೆಂದು ಒಳಗೆ ಹೋದೆ. ಹೋಗಿ, ಅಲ್ಲಿಂದಲೇ ಕೂಗಿದೆ: 'ಸಕ್ಕರೆ ಡಬ್ಬಿ ಎಲ್ಲಿದೆ?'